ಮುತ್ತಿಗೆಯ ಬೆಳ್ಳಿ: ಸ್ಪೇನ್ ದೇಶದ ದೂರೊ ನಾಣ್ಯದ ಸಾಕ್ಷ್ಯ

ಇತಿಹಾಸರಚನೆಗೆ ಒದಗುವ ಸಾಧನಗಳಲ್ಲಿ ಶಾಸನಗಳಿಗೆ ಮೊದಲನೆಯ ಸ್ಥಾನವೂ ನಾಣ್ಯಗಳಿಗೆ ಅದರ ಮಗ್ಗುಲಿನ ಸ್ಥಾನವೂ ಸಲ್ಲುತ್ತವೆಂಬುದು ವಿದ್ವಾಂಸರಿಗೆ ಸಮ್ಮತವಾದ ಮಾತು. ಗ್ರಂಥಕರ್ತನು ಭಕ್ತಿಯಿಂದಾಗಲಿ ದ್ವೇಷದಿಂದಾಗಲಿ ನಡೆದುದನ್ನು ಮರೆಮಾಡಬಹುದು. ಲಿಪಿಕಾರನು ಓಲೆಯ ಪಾಠವನ್ನು ತಿದ್ದಬಹುದು. ಆದರೆ ಲೋಹದ ಮೇಲೆ ಒಮ್ಮೆ ಬಿದ್ದ ಮುದ್ರೆ ಹಾಗೆಯೇ ಉಳಿಯುತ್ತದೆಂಬ ನಂಬಿಕೆಯೇ ಇದಕ್ಕೆ ಕಾರಣ. ಈ ನಂಬಿಕೆ ಬಹುಮಟ್ಟಿಗೆ ಸರಿಯಾದುದೇ. ಆದರೆ ಮುದ್ರೆ ಕೆಡದೆ ಉಳಿದಿದೆ ಎಂಬುದು ಒಂದು ವಿಷಯ. ಆ ಮುದ್ರೆ ಹೇಳುವುದು ನಿಜ ಎಂಬುದು ಇನ್ನೊಂದು ವಿಷಯ. ನಾಣ್ಯದ ಮೇಲೆ ಯಾವ ಅರಸನ ಹೆಸರಿದೆಯೋ ಆ ಅರಸನು ಆ ವರ್ಷ ಆ ಸ್ಥಳವನ್ನು ಆಳುತ್ತಿದ್ದನು ಎಂಬ ಊಹೆಯನ್ನು ಎಷ್ಟರಮಟ್ಟಿಗೆ ಆಶ್ರಯಿಸಬಹುದು? ಈ ಪ್ರಶ್ನೆಯನ್ನು ವಿಚಾರಮಾಡುವವರಿಗೆ ಹತ್ತೊಂಬತ್ತನೆಯ ಶತಮಾನದ ಸ್ಪೇನ್ ದೇಶದ ಯುದ್ಧಕಾಲದ ಬೆಳ್ಳಿ ನಾಣ್ಯಗಳು ಒಳ್ಳೆಯ ಪಾಠವಾಗಿವೆ. ಅದೇಕೆಂದರೆ, ಆ ನಾಣ್ಯಗಳೊಡನೆ ಅದೇ ಕಾಲದ ಕಾಗದಪತ್ರಗಳೂ ಹೇರಳವಾಗಿ ಉಳಿದಿರುವುದರಿಂದ, ನಾಣ್ಯವು ಸಾರುವುದನ್ನೂ ವಾಸ್ತವವಾಗಿ ನಡೆದುದನ್ನೂ ಪಕ್ಕಪಕ್ಕದಲ್ಲಿಟ್ಟು ತೂಗಿನೋಡುವುದು ಸಾಧ್ಯವಾಗಿದೆ.

೧. ದೂರೊ ನಾಣ್ಯದ ಸ್ವರೂಪ

ಸ್ಪೇನಿನ ಜನರು ದೂರೊ ಎಂದು ಕರೆದುದು ಎಂಟು ರಿಯಾಲುಗಳ ಬೆಲೆಯ ದೊಡ್ಡ ಬೆಳ್ಳಿ ನಾಣ್ಯವನ್ನು. ಪೆಸೊ ಎಂದರೆ ತೂಕ, ದೂರೊ ಎಂದರೆ ಗಟ್ಟಿ. ‘ಪೆಸೊ ದೂರೊ’ ಎಂಬ ಜೋಡುಮಾತಿನಲ್ಲಿ ಮೊದಲನೆಯ ಪದ ಬಿದ್ದುಹೋಗಿ, ವಿಶೇಷಣವೇ ನಾಣ್ಯದ ಹೆಸರಾಗಿ ನಿಂತಿತು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಇದರ ತೂಕ ಸುಮಾರು ೨೭ ಗ್ರಾಂ; ಎಂದರೆ ನಮ್ಮ ಹಳೆಯ ಲೆಕ್ಕದಲ್ಲಿ ಎರಡೂಕಾಲು ತೊಲಕ್ಕಿಂತ ತುಸು ಹೆಚ್ಚು. ೧೭೭೨ರ ಕಟ್ಟಳೆಯಂತೆ ಇದರಲ್ಲಿ ಸಾವಿರಕ್ಕೆ ೯೦೩ ಭಾಗ ಚೊಕ್ಕ ಬೆಳ್ಳಿ ಇರಬೇಕಾಗಿತ್ತು. ೧೭೮೬ರಲ್ಲಿ ಸರ್ಕಾರವು ಗುಟ್ಟಾದ ಆಜ್ಞೆಯೊಂದರಿಂದ ಅದನ್ನು ೮೯೬ಕ್ಕೆ ಇಳಿಸಿತು. ಬೆಳ್ಳಿ ಇಳಿದರೂ ಮುದ್ರೆಯ ಘನತೆಯಲ್ಲಿ ಯಾವ ವ್ಯತ್ಯಾಸವೂ ತೋರಲಿಲ್ಲವೆಂಬುದನ್ನು ಇಲ್ಲಿಯೇ ಗಮನಿಸಬಹುದು.

ದೇಶದೊಳಗಿನ ದಿನದ ವ್ಯವಹಾರಕ್ಕೆ ವೆಯ್ಯೋನ್ ಎಂಬ ಹಗುರವಾದ ಲೆಕ್ಕದ ರಿಯಾಲು ಬಳಕೆಯಲ್ಲಿತ್ತು. ಅಂತಹ ೨೦ ರಿಯಾಲುಗಳು ಒಂದು ದೂರೊಗೆ ಸಮ. ನಾಲ್ಕು ವೆಯ್ಯೋನ್ ರಿಯಾಲುಗಳ ಸಣ್ಣ ಬೆಳ್ಳಿ ನಾಣ್ಯಕ್ಕೆ ಜನರು ಪೆಸೆಟ ಎನ್ನುತ್ತಿದ್ದರು. ಆದುದರಿಂದ ಐದು ಪೆಸೆಟಗಳೂ ಒಂದು ದೂರೊವೇ. ಎಂಟು ರಿಯಾಲು, ಇಪ್ಪತ್ತು ರಿಯಾಲು, ಐದು ಪೆಸೆಟ, ಒಂದು ದೂರೊ ಎಂಬ ಈ ನಾಲ್ಕು ಹೆಸರುಗಳೂ ಹೆಚ್ಚುಕಡಿಮೆ ಒಂದೇ ಬೆಳ್ಳಿಯ ತುಂಡನ್ನು ಸೂಚಿಸುತ್ತವೆ. ಯಾವ ಪಕ್ಷದವರು ಯಾವ ಹೆಸರನ್ನು ಆರಿಸಿಕೊಂಡರೆಂಬುದು ಮುಂದಿನ ವಿಚಾರಕ್ಕೆ ಮುಖ್ಯವಾಗುವುದರಿಂದ ವಾಚಕರು ಇದನ್ನು ನೆನಪಿನಲ್ಲಿಡಬೇಕು.

ಇಂತಹ ನಾಣ್ಯದ ಮೇಲೆ ಎರಡು ಬಗೆಯ ಬರಹಗಳಿರುತ್ತವೆ. ಮೊದಲನೆಯದು ದೊಡ್ಡ ಅಕ್ಷರಗಳ ಲೇಖ: ಅರಸನ ಹೆಸರು, ಬಿರುದು, ಲಾಂಛನ, ವರ್ಷ. ಇದು ಎಲ್ಲರ ಕಣ್ಣಿಗೂ ಬೀಳತಕ್ಕದ್ದು. ಎರಡನೆಯದು ಅಂಚಿನ ಬಳಿ ಅಡಗಿರುವ ಸಣ್ಣ ಗುರುತುಗಳು: ನಾಣ್ಯವನ್ನು ಹೊಡೆದ ಟಂಕಸಾಲೆಯ ಚಿಹ್ನೆ, ಬೆಳ್ಳಿಯ ಚೊಕ್ಕತನಕ್ಕೆ ಹೊಣೆಯಾದ ಲೋಹಪರೀಕ್ಷಕರ ಹೆಸರಿನ ಮೊದಲಕ್ಷರಗಳು. ಕಿರೀಟವುಳ್ಳ ಎಂ ಅಕ್ಷರವಿದ್ದರೆ ಮ್ಯಾಡ್ರಿಡ್, ಎಸ್ ಅಕ್ಷರವಿದ್ದರೆ ಸೆವಿಲ್. ಈ ಗುರುತುಗಳು ಪ್ರಜೆಗಳಿಗಾಗಿ ಇರತಕ್ಕವುಗಳಲ್ಲ. ತೂಕವೋ ಚೊಕ್ಕತನವೋ ಕಡಮೆಯಾದರೆ ಯಾರನ್ನು ಹಿಡಿದು ಕೇಳಬೇಕೆಂಬುದನ್ನು ಅಧಿಕಾರಿಗಳು ತಿಳಿಯುವುದಕ್ಕಾಗಿ ಇರತಕ್ಕವು. ಶಾಂತಿಯ ಕಾಲದಲ್ಲಿ ದೊಡ್ಡ ಲೇಖವೂ ಸಣ್ಣ ಗುರುತೂ ಒಂದನ್ನೊಂದು ಸಮರ್ಥಿಸುತ್ತವೆ. ಯುದ್ಧಕಾಲದಲ್ಲಿ ಅವು ಬೇರೆಬೇರೆಯಾಗಿ ಬಿಡುತ್ತವೆ. ಆಗ ಯಾವುದು ಸಾರುವುದು, ಯಾವುದು ತಿಳಿಸುವುದು ಎಂಬುದು ಬೆಳಕಿಗೆ ಬರುತ್ತದೆ.

೨. ೧೮೦೮ರ ವಿಪ್ಲವ

೧೮೦೮ನೆಯ ಮಾರ್ಚ್ ೧೯ರಂದು ಅರಾನ್ಹ್ವೇಸ್ ಅರಮನೆಯಲ್ಲಿ ನಾಲ್ಕನೆಯ ಚಾರ್ಲ್ಸನು ಪ್ರಜೆಗಳ ದಂಗೆಗೆ ಅಂಜಿ ಸಿಂಹಾಸನವನ್ನು ಬಿಟ್ಟುಕೊಟ್ಟನು. ಮಗನು ಏಳನೆಯ ಫರ್ಡಿನೆಂಡನೆಂಬ ಹೆಸರಿನಿಂದ ಅರಸನಾದನು. ಆದರೆ ಆ ವೇಳೆಗೆ ನೆಪೋಲಿಯನ್ ಚಕ್ರವರ್ತಿಯ ಸೈನ್ಯಗಳು ಮಿತ್ರರ ವೇಷದಿಂದ ದೇಶದೊಳಕ್ಕೆ ಬಂದಿದ್ದುವು. ನೆಪೋಲಿಯನ್ನನು ತಂದೆಮಕ್ಕಳಿಬ್ಬರನ್ನೂ ಬಯೋನ್ ನಗರಕ್ಕೆ ಕರೆಯಿಸಿಕೊಂಡು, ಮೇ ತಿಂಗಳ ಮೊದಲ ವಾರದಲ್ಲಿ ಇಬ್ಬರಿಂದಲೂ ರಾಜ್ಯತ್ಯಾಗವನ್ನು ಬರೆಯಿಸಿಕೊಂಡನು. ತನ್ನ ಅಣ್ಣ ಜೋಸೆಫನಿಗೆ ಸ್ಪೇನಿನ ಕಿರೀಟವನ್ನು ಕೊಟ್ಟನು. ಫರ್ಡಿನೆಂಡನು ಫ್ರಾನ್ಸಿನ ವಲಾನ್ಸೆ ಎಂಬ ಊರಿನ ಸೌಧದಲ್ಲಿ ಸೆರೆಯಾಳಾದನು. ಆರು ವರ್ಷಗಳ ಕಾಲ ಅವನು ತನ್ನ ರಾಜ್ಯವನ್ನು ಕಾಣಲಿಲ್ಲ.

ಮೇ ೨ರಂದು ಮ್ಯಾಡ್ರಿಡ್ ನಗರದ ಜನರು ಫ್ರೆಂಚರ ಮೇಲೆ ಎದ್ದರು. ಅಲ್ಲಿಂದ ಮುಂದೆ ಊರೂರಿನಲ್ಲಿಯೂ ಜುಂಟಗಳೆಂಬ ಸಭೆಗಳು ಏರ್ಪಟ್ಟು, ಸೆರೆಯಲ್ಲಿದ್ದ ಅರಸನ ಹೆಸರಿನಲ್ಲಿ ಆಡಳಿತವನ್ನೂ ಯುದ್ಧವನ್ನೂ ನಡೆಸತೊಡಗಿದುವು. ಅರಸನಿಲ್ಲದ ರಾಜ್ಯದಲ್ಲಿ ಅರಸನ ಹೆಸರೇ ರಾಜ್ಯವನ್ನಾಳಿದ ವಿಚಿತ್ರವಾದ ಕಾಲವದು. ಆ ಹೆಸರನ್ನು ಜನರ ಕೈಗೆ ಮುಟ್ಟಿಸುವುದಕ್ಕೆ ಬೆಳ್ಳಿಗಿಂತ ಸುಲಭವಾದ ಸಾಧನ ಬೇರೊಂದಿರಲಿಲ್ಲ.

೩. ಜೆರೋನ ಪಟ್ಟಣದ ನಾಣ್ಯ

ಕಟಲೋನಿಯ ಪ್ರಾಂತದ ಉತ್ತರದಲ್ಲಿ, ಫ್ರಾನ್ಸಿನ ಗಡಿಯಿಂದ ಬಾರ್ಸಿಲೋನಕ್ಕೆ ಬರುವ ಹೆದ್ದಾರಿಯ ಮೇಲೆ, ಜೆರೋನ ಎಂಬ ಕೋಟೆಯ ಪಟ್ಟಣವಿದೆ. ಬಾರ್ಸಿಲೋನವು ೧೮೦೮ರ ಫೆಬ್ರವರಿಯಲ್ಲಿಯೇ ಫ್ರೆಂಚರ ವಶವಾಗಿದ್ದುದರಿಂದ, ಅಲ್ಲಿನ ಸೈನ್ಯಕ್ಕೆ ಸ್ವದೇಶದೊಡನೆ ಸಂಪರ್ಕವಿರಬೇಕಾದರೆ ಜೆರೋನವನ್ನು ಹಿಡಿಯುವುದು ಅವಶ್ಯವಾಗಿತ್ತು. ಸೇನಾನಿ ದ್ಯೂಏಮನು ಜೂನ್ ೨೦ರಂದು ಊರಿನ ಮೇಲೆ ಬಿದ್ದು ವಿಫಲನಾದನು. ಜುಲೈ ತಿಂಗಳ ಕೊನೆಯಲ್ಲಿ ಮತ್ತೆ ಬಂದು ಮುತ್ತಿಗೆ ಹಾಕಿ, ಆಗಸ್ಟ್ ೧೬ರಂದು ಮುತ್ತಿಗೆಯನ್ನು ತೆಗೆದು ಹಿಂದಿರುಗಿದನು.

ಈ ವರ್ಷದ ಹೆಸರನ್ನು ಹೊತ್ತ ಜೆರೋನದ ದೂರೊ ನಾಣ್ಯವು ನೋಟಕ್ಕೆ ಬಹಳ ಸಾಮಾನ್ಯವಾದುದು. ಅದರಲ್ಲಿ ಅರಸನ ಮುಖವಿಲ್ಲ. ಸುತ್ತ ಲ್ಯಾಟಿನ್ ಬಿರುದಾವಳಿಯಿಲ್ಲ. ಒಂದು ಬದಿಯಲ್ಲಿ ಫರ್ಡಿನೆಂಡ್ ಎಂಬ ಹೆಸರಿನ ಮೊದಲ ಮೂರು ಅಕ್ಷರಗಳು, ರೋಮನ್ ಅಂಕಿಯಲ್ಲಿ ಏಳು. ಇನ್ನೊಂದು ಬದಿಯಲ್ಲಿ ಜೆರೋನದ ಹೆಸರನ್ನು ಸಂಕ್ಷೇಪಿಸಿದ ಮೂರು ಅಕ್ಷರಗಳು, ೧೮೦೮ ಎಂಬ ವರ್ಷ, ‘ಒಂದು ದೂರೊ’ ಎಂಬ ಬೆಲೆ. ಇಷ್ಟೇ. ಊರಿನಲ್ಲಿ ಟಂಕಸಾಲೆಯಿರಲಿಲ್ಲ, ಅಚ್ಚನ್ನು ಕೊರೆಯುವ ನುರಿತ ಶಿಲ್ಪಿಗಳಿರಲಿಲ್ಲ. ಇದ್ದುದು ದೇವಾಲಯಗಳ ಪಾತ್ರೆಪದಾರ್ಥಗಳೂ ಗೃಹಸ್ಥರ ಮನೆಯ ಬೆಳ್ಳಿಯೂ ಅಕ್ಕಸಾಲಿಗರ ಕೈಗಳೂ ಮಾತ್ರ.

ಬೆಳ್ಳಿಯನ್ನು ಕರಗಿಸಿ ನಾಣ್ಯಮಾಡುವ ಶ್ರಮವೇಕೆ, ಬೆಳ್ಳಿಯನ್ನೇ ತೂಗಿ ಕೊಡಬಾರದಾಗಿತ್ತೆ ಎಂದು ಯಾರಾದರೂ ಕೇಳಬಹುದು. ಇದಕ್ಕೆ ಸಮಾಧಾನವಿದೆ. ಸಿಪಾಯಿಗೆ ಸಂಬಳ ಸಲ್ಲಬೇಕು. ಅವನು ಅದನ್ನು ರೊಟ್ಟಿಯವನಿಗೂ ಮದ್ಯದಂಗಡಿಯವನಿಗೂ ಕೊಡಬೇಕು. ಪ್ರತಿಯೊಬ್ಬನ ಕೈಯಲ್ಲಿಯೂ ತಕ್ಕಡಿಯಿಲ್ಲ, ಒರೆಗಲ್ಲಿಲ್ಲ. ಒಡೆದ ದೀಪಸ್ತಂಭದ ಚೂರನ್ನು ಎಷ್ಟು ಬೆಲೆಗೆ ತೆಗೆದುಕೊಳ್ಳಬೇಕೆಂಬ ಜಗಳ ಪ್ರತಿ ಸಲವೂ ಹುಟ್ಟುತ್ತದೆ. ಸಾರ್ವಜನಿಕ ಮುದ್ರೆ ಬಿದ್ದ ಕೂಡಲೆ ಆ ಜಗಳ ನಿಲ್ಲುತ್ತದೆ. ತೂಕಕ್ಕೂ ಚೊಕ್ಕತನಕ್ಕೂ ಊರಿನ ಸಭೆ ಹೊಣೆಯಾಗುತ್ತದೆ. ಮುತ್ತಿಗೆಯಲ್ಲಿ ಸಿಕ್ಕಿದ ಊರು ಆ ಹೊಣೆಯನ್ನು ಸೆರೆಯಾಳಾದ ಅರಸನ ಹೆಸರಿನಲ್ಲಿ ಹೊತ್ತಿತು. ಆದುದರಿಂದ ಆ ಮೂರು ಅಕ್ಷರಗಳು ಫರ್ಡಿನೆಂಡನ ಪ್ರಭುತ್ವಕ್ಕೆ ಸಾಕ್ಷಿಯಲ್ಲ. ಜೆರೋನದವರ ಸಂಕಲ್ಪಕ್ಕೆ ಸಾಕ್ಷಿ. ನಿಜವಾಗಿ ನಡೆದುದನ್ನು ತಿಳಿಸತಕ್ಕದ್ದು ಹಿಂಬದಿಯ ಊರಿನ ಹೆಸರು.

ಮುಂದಿನ ವರ್ಷ ಊರಿಗೆ ಒದಗಿದ ಗತಿ ಪ್ರಸಿದ್ಧವಾದುದು. ೧೮೦೯ನೆಯ ಮೇ ತಿಂಗಳಲ್ಲಿ ಮೂರನೆಯ ಮುತ್ತಿಗೆ ಮೊದಲಾಗಿ ಏಳು ತಿಂಗಳು ನಡೆಯಿತು. ಕೋಟೆಯ ಅಧಿಪತಿ ಮರಿಯಾನೊ ಆಲ್ವಾರೆಸ್ ದೆ ಕಾಸ್ತ್ರೊ ಎಂಬಾತನು ಶರಣಾಗತಿಯ ಮಾತನ್ನೇ ಎತ್ತಗೊಡಿಸಲಿಲ್ಲ. ಹಸಿವಿನಿಂದಲೂ ಜ್ವರದಿಂದಲೂ ಸಹಸ್ರಾರು ಜನರು ಸತ್ತರು; ಕುದುರೆ ಹೇಸರಕತ್ತೆಗಳ ಮಾಂಸವೂ ಮುಗಿದುಹೋಯಿತು. ಆಲ್ವಾರೆಸನು ಕಾಯಿಲೆ ಬಿದ್ದ ಮೇಲೆ, ಡಿಸೆಂಬರ್ ತಿಂಗಳಲ್ಲಿ ಪಟ್ಟಣವು ಶರಣಾಯಿತು. ಸೆರೆಸಿಕ್ಕಿದ ಆತನು ೧೮೧೦ರ ಜನವರಿಯಲ್ಲಿ ಫಿಗೆರಸ್ ಕೋಟೆಯಲ್ಲಿ ಸತ್ತನು. ಪೆರೆಸ್ ಗಾಲ್ದೋಸನ ‘ಜೆರೋನ’ ಎಂಬ ಕಾದಂಬರಿ (೧೮೭೪) ಈ ಮುತ್ತಿಗೆಯ ಕಥೆಯನ್ನೇ ವಸ್ತುವಾಗಿ ಉಳ್ಳದ್ದು. ಬೆಳ್ಳಿಯಿಂದ ಸಿಪಾಯಿಯ ಸಂಬಳವನ್ನು ಸಲ್ಲಿಸಬಹುದು, ಗೋದಿಯನ್ನು ಹುಟ್ಟಿಸಲಾಗದು. ಮುತ್ತಿಗೆ ಮುಂದುವರಿದಂತೆ ಊರಿನೊಳಗೆ ಬೆಳ್ಳಿ ಇದ್ದಷ್ಟೇ ಇತ್ತು. ಧಾನ್ಯ ಮಾತ್ರ ದಿನದಿನಕ್ಕೂ ಕಡಮೆಯಾಯಿತು.

೪. ಅಲೆದಾಡಿದ ಟಂಕಸಾಲೆ

ಜೆರೋನದ ಮೇಲ್ಪಂಕ್ತಿ ಕಟಲೋನಿಯದ ಇತರ ಊರುಗಳಲ್ಲಿಯೂ ಕಾಣುತ್ತದೆ. ಲೆರಿಡ ಮತ್ತು ಟರಗೋನ ಪಟ್ಟಣಗಳು ೧೮೦೯ರಲ್ಲಿ ಐದು ಪೆಸೆಟಗಳ ಬೆಳ್ಳಿ ನಾಣ್ಯಗಳನ್ನು ಹೊಡೆಯಿಸಿದುವು. ಇವುಗಳ ಮೇಲೂ ಫರ್ಡಿನೆಂಡನ ಹೆಸರಿನ ಅವೇ ಮೂರು ಅಕ್ಷರಗಳು, ಇವುಗಳಲ್ಲಿಯೂ ಮುಖವಿಲ್ಲ. ಲೆರಿಡವು ೧೮೧೦ರ ಮೇ ತಿಂಗಳಲ್ಲಿಯೂ ಟರಗೋನವು ೧೮೧೧ರ ಜೂನ್ ತಿಂಗಳಲ್ಲಿಯೂ ಫ್ರೆಂಚ್ ಸೇನಾನಿ ಸೂಷೆಯ ಕೈಗೆ ಬಿದ್ದುವು.

ಇವುಗಳಲ್ಲದೆ, ಕಟಲೋನಿಯದ ಮುಖ್ಯ ಜುಂಟವು ಪೂರ್ಣ ವಿಧಿಯ ಟಂಕಸಾಲೆಯೊಂದನ್ನು ಸ್ಥಾಪಿಸಿತು. ಇದರ ನಾಣ್ಯಗಳ ಮೇಲೆ ಅರಸನ ಮುಖ, ಬಿರುದುಗಳು, ಎಂಟು ರಿಯಾಲುಗಳ ಬೆಲೆ ಎಲ್ಲವೂ ಕ್ರಮವಾಗಿವೆ. ನೋಡಿದವರಿಗೆ ಸುಸ್ಥಿರವಾದ ರಾಜ್ಯವೊಂದರ ನಾಣ್ಯವೆಂದೇ ತೋರುತ್ತದೆ. ಆದರೆ ಅಂಚಿನಲ್ಲಿರುವ ಸಿ ಎಂಬ ಸಣ್ಣ ಅಕ್ಷರ ಬೇರೆ ಕಥೆಯನ್ನು ಹೇಳುತ್ತದೆ. ಉಳಿದ ಟಂಕಸಾಲೆಗಳ ಅಕ್ಷರ ಒಂದು ನಗರವನ್ನು ಸೂಚಿಸಿದರೆ, ಈ ಅಕ್ಷರ ಇಡೀ ಪ್ರಾಂತವನ್ನು ಸೂಚಿಸುತ್ತದೆ. ಅದೇಕೆಂದರೆ ಈ ಟಂಕಸಾಲೆಗೆ ನೆಲೆಯಾದ ಊರೇ ಇರಲಿಲ್ಲ. ರೆವುಸ್ ಎಂಬ ಊರಿನಲ್ಲಿ ಪ್ರಾರಂಭವಾಗಿ, ಟರಗೋನಕ್ಕೆ ಸರಿದು, ಅದು ಬಿದ್ದಮೇಲೆ ಸಮುದ್ರವನ್ನು ದಾಟಿ ಮಯೋರ್ಕ ದ್ವೀಪದ ಪಾಲ್ಮ ನಗರಕ್ಕೆ ಹೋಯಿತು. ಕಟಲೋನಿಯದ ನೆಲವನ್ನು ಬಿಟ್ಟಮೇಲೂ ಅದು ಕಟಲೋನಿಯದ ಅಕ್ಷರವನ್ನೇ ಒತ್ತುತ್ತಿತ್ತು. ದಕ್ಷಿಣದಲ್ಲಿಯೂ ಇಂತಹುದೇ ಪಾಡು. ೧೮೧೦ರ ಫೆಬ್ರವರಿಯಲ್ಲಿ ಸೆವಿಲ್ ನಗರ ಫ್ರೆಂಚರ ವಶವಾದುದರಿಂದ, ಫರ್ಡಿನೆಂಡನ ಪಕ್ಷದವರು ಕಾಡಿಜ್ ರೇವಿನಲ್ಲಿ ಹೊಸ ಟಂಕಸಾಲೆಯನ್ನು ತೆರೆಯಬೇಕಾಯಿತು. ಅದುವರೆಗೆ ಫರ್ಡಿನೆಂಡನ ಹೆಸರನ್ನು ಒತ್ತಿದ ಸೆವಿಲಿನ ಟಂಕಸಾಲೆ, ಫ್ರೆಂಚರ ಕಾಲದಲ್ಲಿ ಜೋಸೆಫನ ಹೆಸರನ್ನು ಒತ್ತಿತು.

೫. ಎರಡನೆಯ ಅರಸ

ಜೋಸೆಫನ ಇಪ್ಪತ್ತು ರಿಯಾಲುಗಳ ನಾಣ್ಯ ಅಂದವಾದುದು. ಮ್ಯಾಡ್ರಿಡಿನ ಟಂಕಸಾಲೆಯ ನುರಿತ ಕೆಲಸ ಅದರಲ್ಲಿ ಕಾಣುತ್ತದೆ. ಒಂದು ಬದಿಯಲ್ಲಿ ಅವನ ಮುಖ. ಸುತ್ತ ‘ದೇವರ ಕೃಪೆಯಿಂದ’ ಎಂಬ ಅರ್ಥದ ಲ್ಯಾಟಿನ್ ಮಾತುಗಳು. ಇನ್ನೊಂದು ಬದಿಯಲ್ಲಿ ‘ಸ್ಪೇನುಗಳ ಮತ್ತು ಇಂಡೀಸಿನ ಅರಸ’ ಎಂಬ ಬಿರುದು, ನಡುವೆ ಸ್ಪೇನಿನ ಹಳೆಯ ಲಾಂಛನ. ಆ ಲಾಂಛನದ ಮಧ್ಯಭಾಗದಲ್ಲಿ ಹಿಂದಿನ ಬೂರ್ಬೋನ್ ವಂಶದ ನೈದಿಲೆಯ ಹೂಗಳಿದ್ದೆಡೆಯಲ್ಲಿ ನೆಪೋಲಿಯನ್ನನ ಹದ್ದು ಬಂದು ಕುಳಿತಿದೆ. ಸ್ಪೇನಿನ ಲಾಂಛನವನ್ನು ಉಳಿಸಿಕೊಂಡು ನಡುವಣ ಸಣ್ಣ ಗುರುತನ್ನು ಬದಲಾಯಿಸಿದುದು ಉದ್ದೇಶಪೂರ್ವಕವಾದುದು. ದೇಶ ಅದೇ, ವಂಶ ಮಾತ್ರ ಬೇರೆ ಎಂದು ಜನರಿಗೆ ತೋರಿಸುವುದೇ ಅದರ ಅಭಿಪ್ರಾಯ.

ಆದರೆ ಇಂಡೀಸು ಎಂದು ಆ ಬಿರುದು ಕರೆಯುವ ಅಮೆರಿಕದ ಪ್ರಾಂತಗಳಲ್ಲಿ ಒಂದಾದರೂ ಜೋಸೆಫನನ್ನು ಅರಸನೆಂದು ಒಪ್ಪಲಿಲ್ಲ. ಸ್ಪೇನಿನೊಳಗಾದರೂ ಅವನ ಅಧಿಕಾರ ಫ್ರೆಂಚ್ ಸೈನ್ಯ ನಿಂತಿರುವಷ್ಟು ನೆಲದಲ್ಲಿ ಮಾತ್ರ ನಡೆಯುತ್ತಿತ್ತು. ೧೮೦೮ರ ಜುಲೈ ೨೦ರಂದು ರಾಜಧಾನಿಗೆ ಬಂದವನು, ಬೈಲೆನ್ ಯುದ್ಧದಲ್ಲಿ ಫ್ರೆಂಚರು ಸೋತ ಸುದ್ದಿ ಬರಲು, ಹತ್ತು ಹನ್ನೆರಡು ದಿನಗಳೊಳಗಾಗಿ ಊರನ್ನು ಬಿಟ್ಟುಹೋದನು. ೧೮೦೯ರ ಜನವರಿಯಲ್ಲಿ ಮರಳಿ ಬಂದನು. ೧೮೧೨ರ ಆಗಸ್ಟ್ ತಿಂಗಳಲ್ಲಿ ವೆಲಿಂಗ್ಟನ್ನನಿಗೆ ಹೆದರಿ ಮತ್ತೆ ಓಡಿದನು. ಹೀಗೆ ೧೮೦೯ರಲ್ಲಿ ಒಂದೇ ದೇಶದ ಬೆಳ್ಳಿಯ ಮೇಲೆ ಇಬ್ಬರು ಅರಸರ ಹೆಸರುಗಳಿವೆ; ಇಬ್ಬರಿಗೂ ದೇವರ ಕೃಪೆಯಿದೆ; ಇಬ್ಬರಿಗೂ ಸ್ಪೇನೂ ಇಂಡೀಸೂ ಸೇರಿವೆ. ಒಬ್ಬನು ಸೆರೆಯಲ್ಲಿದ್ದನು, ಇನ್ನೊಬ್ಬನು ಅನ್ಯಸೈನ್ಯದ ರಕ್ಷಣೆಯಲ್ಲಿದ್ದನು. ಬಿರುದಾವಳಿಗಳನ್ನು ಮಾತ್ರ ಓದಿದ ಇತಿಹಾಸಕಾರನಿಗೆ ಇವರಲ್ಲಿ ಯಾರು ಎಲ್ಲಿ ಆಳಿದರೆಂಬುದು ತಿಳಿಯಲಾರದು.

ಸಣ್ಣ ಗುರುತುಗಳು ಇಲ್ಲಿಯೂ ಉಪಕಾರಕವಾಗಿವೆ. ಮ್ಯಾಡ್ರಿಡಿನಲ್ಲಿ ನಾಲ್ಕನೆಯ ಚಾರ್ಲ್ಸನ ಹೆಸರಿನಿಂದ ೧೮೦೮ರಲ್ಲಿ ಹೊಡೆದ ಕೆಲವು ನಾಣ್ಯಗಳ ಮೇಲೆ ಎ, ಐ ಎಂಬ ಪರೀಕ್ಷಕರ ಅಕ್ಷರಗಳಿವೆ. ಜೋಸೆಫನ ನಾಣ್ಯಗಳ ಮೇಲೂ ಅವೇ ಅಕ್ಷರಗಳು ಬರುತ್ತವೆ. ಅರಸುಮನೆತನ ಬದಲಾಯಿತು, ಬೆಳ್ಳಿಯನ್ನು ಒರೆಹಚ್ಚಿ ನೋಡುವವರು ಬದಲಾಗಲಿಲ್ಲ. ರಾಜ್ಯಕ್ರಾಂತಿಯ ನಡುವೆಯೂ ಕಚೇರಿಗಳು ನಡೆದುಬಂದ ರೀತಿಯನ್ನು ಈ ಎರಡು ಅಕ್ಷರಗಳು ದೊಡ್ಡ ಗ್ರಂಥವೊಂದರಷ್ಟೇ ಸ್ಪಷ್ಟವಾಗಿ ತಿಳಿಸುತ್ತವೆ.

೬. ಅರಸನಿಲ್ಲದ ನಾಣ್ಯ

ಈ ಎರಡು ಪಕ್ಷಗಳಿಗೂ ಸೇರದ ಮೂರನೆಯ ಬಗೆಯೊಂದುಂಟು. ಫ್ರೆಂಚರ ವಶದಲ್ಲಿದ್ದ ಬಾರ್ಸಿಲೋನದಲ್ಲಿ ದ್ಯೂಏಮನ ಆಜ್ಞೆಯಂತೆ ೧೮೦೮ರ ಆಗಸ್ಟ್ ತಿಂಗಳಲ್ಲಿ ಟಂಕಸಾಲೆ ಏರ್ಪಟ್ಟಿತು. ಅಲ್ಲಿಂದ ೧೮೧೪ರವರೆಗೆ ಐದು ಪೆಸೆಟಗಳ ನಾಣ್ಯಗಳು ಹೊರಬಂದುವು. ಎರಡೂವರೆ ಪೆಸೆಟಗಳ ನಾಣ್ಯಗಳೂ, ೧೮೦೯ರಿಂದ ಒಂದು ಪೆಸೆಟದ ನಾಣ್ಯಗಳೂ ಇದ್ದುವು. ಇವುಗಳ ಒಂದು ಬದಿಯಲ್ಲಿ ನಗರದ ಲಾಂಛನ. ಇನ್ನೊಂದು ಬದಿಯಲ್ಲಿ ಬೆಲೆ, ವರ್ಷ, ‘ಬಾರ್ಸಿಲೋನದಲ್ಲಿ’ ಎಂಬ ಮಾತು. ಫರ್ಡಿನೆಂಡನ ಹೆಸರಿಲ್ಲ, ಜೋಸೆಫನ ಹೆಸರೂ ಇಲ್ಲ. ಪರಕೀಯ ಸೈನ್ಯಾಧಿಕಾರಿ ಮಾಡಿಸಿದ ನಾಣ್ಯದಲ್ಲಿ ಅವನ ಪಕ್ಷದ ಅರಸನ ಹೆಸರೇ ಇಲ್ಲದಿರುವುದು ಆಶ್ಚರ್ಯವೆಂದು ತೋರಬಹುದು. ಆದರೆ ಜೋಸೆಫನ ಹೆಸರಿದ್ದರೆ ಊರಿನವರಿಗೆ ಅಪ್ರಿಯ. ಫರ್ಡಿನೆಂಡನ ಹೆಸರಿದ್ದರೆ ಸೈನ್ಯಕ್ಕೆ ಅಪ್ರಿಯ. ಊರಿನ ಹೆಸರಾದರೋ ಯಾರಿಗೂ ಅಪ್ರಿಯವಲ್ಲ. ೧೮೧೨ರಲ್ಲಿ ನೆಪೋಲಿಯನ್ನನು ಕಟಲೋನಿಯವನ್ನು ಫ್ರಾನ್ಸಿಗೆ ಸೇರಿಸಿಕೊಂಡಾಗಲೂ ಈ ನಾಣ್ಯ ಬದಲಾಗಲಿಲ್ಲ. ಪ್ರಭುತ್ವದ ವಿಷಯದಲ್ಲಿ ಮೌನವಾಗಿರುವುದೇ ಅದರ ಚಲಾವಣೆಗೆ ಆಧಾರವಾಗಿತ್ತು.

ಈ ಮೌನದಲ್ಲಿ ಒಂದು ಪದ ಮಾತ್ರ ಮಾತನಾಡಿತು. ಪೆಸೆಟ ಎಂಬುದು ಮೂಲದಲ್ಲಿ ಕಟಲಾನ್ ಭಾಷೆಯ ಮಾತು. ‘ಸಣ್ಣ ತುಂಡು’ ಎಂದು ಅದರ ಅರ್ಥ. ಅದು ಜನರ ಬಾಯಲ್ಲಿ ಬಹುಕಾಲದಿಂದ ಇದ್ದಿತು; ಸ್ಪ್ಯಾನಿಷ್ ಅಕಾಡೆಮಿಯ ಮೊದಲನೆಯ ನಿಘಂಟಿನ ೧೭೩೭ರ ಸಂಪುಟದಲ್ಲಿಯೂ ಸೇರಿದ್ದಿತು. ಆದರೂ ರಾಜರ ನಾಣ್ಯಗಳ ಮೇಲೆ ರಿಯಾಲೆಂಬ ರಾಜಯೋಗ್ಯವಾದ ಹೆಸರಿಗಲ್ಲದೆ ಸಂತೆಯ ಮಾತಿಗೆ ಎಡೆಯಿರಲಿಲ್ಲ. ರಿಯಾಲು ಎಂದರೆ ರಾಜಕೀಯವಾದುದು ಎಂದೇ ಅರ್ಥ. ರಾಜನ ಹೆಸರನ್ನು ಬಿಟ್ಟ ಟಂಕಸಾಲೆಗೆ ರಾಜನ ಮಾನದ ಹೆಸರನ್ನು ಬಿಡುವುದೂ ಸುಲಭವಾಯಿತು. ಹೀಗೆ ಯುದ್ಧದ ನಿರ್ಬಂಧದಲ್ಲಿ ಆಡುಮಾತೊಂದು ಬೆಳ್ಳಿಯ ಮೇಲೆ ಅಕ್ಷರರೂಪವನ್ನು ಪಡೆಯಿತು.

೭. ಕಾಣದ ಮುಖ

ಸಮುದ್ರದಾಚೆಯ ಅಮೆರಿಕದಲ್ಲಿ ತೊಡಕು ಬೇರೆ ವಿಧವಾಗಿತ್ತು. ಸ್ಪೇನಿನ ಬೆಳ್ಳಿಯ ಬಹುಪಾಲು ಬರುತ್ತಿದ್ದುದು ಅಲ್ಲಿಂದಲೇ. ಹತ್ತೊಂಬತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಮೆಕ್ಸಿಕೊ ನಗರದ ಟಂಕಸಾಲೆಯೊಂದೇ ವರ್ಷಕ್ಕೆ ಎರಡು ಕೋಟಿ ಪೆಸೊಗಳಿಗೂ ಹೆಚ್ಚು ನಾಣ್ಯವನ್ನು ಹೊಡೆಯುತ್ತಿತ್ತು. ಅಲ್ಲಿನ ಅಧಿಕಾರಿಗಳು ಫರ್ಡಿನೆಂಡನ ಪಕ್ಷವನ್ನೇ ಹಿಡಿದರು; ಆದರೆ ಅವನ ಮುಖದ ಮಾದರಿ ಅವರಿಗೆ ಬಂದಿರಲಿಲ್ಲ. ಹೊಸ ಅರಸನಿಗೆ ಪಟ್ಟವಾದಾಗ ಮ್ಯಾಡ್ರಿಡಿನಿಂದ ಅಚ್ಚುಗಳ ಮಾದರಿಯನ್ನು ಕಳುಹಿಸುವುದು ವಾಡಿಕೆ. ಈ ಸಲ ರಾಜಧಾನಿಯೇ ಶತ್ರುವಶವಾಗಿತ್ತು. ಆದುದರಿಂದ ಮೆಕ್ಸಿಕೊದ ಶಿಲ್ಪಿಗಳು ಕವಚವನ್ನು ತೊಟ್ಟ ವೀರನೊಬ್ಬನ ಮುಖವನ್ನು ಊಹೆಯಿಂದ ಕೊರೆದರು. ಲಿಮದವರು ತಮ್ಮ ಕಲ್ಪನೆಗೆ ಬಂದ ಬೇರೊಂದು ಮುಖವನ್ನು ಮಾಡಿದರು. ಚಿಲಿಯ ಸಾಂಟಿಯಾಗೊದವರು ಸೇನಾಧಿಕಾರಿಯ ಉಡುಪಿನಲ್ಲಿ ಇನ್ನೊಂದು ಮುಖವನ್ನು ತೋರಿಸಿದರು. ೧೮೦೮ರಿಂದ ೧೮೧೧ರವರೆಗಿನ ಈ ನಾಣ್ಯಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಮೂವರು ಬೇರೆಬೇರೆ ಮನುಷ್ಯರು ಕಾಣುತ್ತಾರೆ. ಮೂವರ ಹೆಸರೂ ಏಳನೆಯ ಫರ್ಡಿನೆಂಡ್. ಹೆಸರಿನಂತೆ ಮುಖವೂ ನಂಬತಕ್ಕದ್ದಲ್ಲವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಾಗಿಲ್ಲ. ೧೮೧೦ರ ಸೆಪ್ಟೆಂಬರಿನಲ್ಲಿ ಮೆಕ್ಸಿಕೊದಲ್ಲಿ ಸ್ವಾತಂತ್ರ್ಯಯುದ್ಧ ಪ್ರಾರಂಭವಾಗಲು, ಗಣಿಗಳಿಂದ ರಾಜಧಾನಿಗೆ ಬರುವ ದಾರಿಗಳು ಕಟ್ಟಿಹೋದುವು. ೧೮೧೨ರಲ್ಲಿ ಮೆಕ್ಸಿಕೊ ನಗರದ ನಾಣ್ಯೋತ್ಪತ್ತಿ ಐವತ್ತು ಲಕ್ಷ ಪೆಸೊಗಳಿಗೂ ಕೆಳಗಿಳಿಯಿತು. ಜಕಟೇಕಸ್, ದುರಾಂಗೊ, ಚಿವಾವಾ ಮೊದಲಾದ ಊರುಗಳಲ್ಲಿ ತಾತ್ಕಾಲಿಕ ಟಂಕಸಾಲೆಗಳು ಹುಟ್ಟಿದುವು. ಚಿವಾವಾದವರು ಅಚ್ಚುಗಳಿಲ್ಲದೆ, ಮೆಕ್ಸಿಕೊ ನಗರದ ನಾಣ್ಯವನ್ನೇ ಪಡಿಯಚ್ಚು ಮಾಡಿಕೊಂಡು ಬೆಳ್ಳಿಯನ್ನು ಎರಕ ಹೊಯ್ದರು.

ಅಮೆರಿಕದ ಈ ಬೆಳ್ಳಿ ವ್ಯಾಪಾರದ ಹಡಗುಗಳಲ್ಲಿ ನಮ್ಮ ದೇಶದ ಕರಾವಳಿಗೂ ಬರುತ್ತಿತ್ತು. ಇಲ್ಲಿ ಅದರ ಮೇಲಿನ ಹೆಸರನ್ನು ಯಾರೂ ಲಕ್ಷಿಸಲಿಲ್ಲ. ಬೆಳ್ಳಿಯನ್ನು ಮಾತ್ರ ತೆಗೆದುಕೊಂಡರು. ೧೮೦೭-೦೮ರ ಹೊತ್ತಿಗೆ ಮದರಾಸಿನ ಟಂಕಸಾಲೆಯವರು ಸ್ಪ್ಯಾನಿಷ್ ನಾಣ್ಯಗಳ ಮೇಲೆಯೇ ತಮ್ಮ ಅಚ್ಚನ್ನೊತ್ತಿ ಬೆಳ್ಳಿಯ ಅರ್ಧ ವರಾಹಗಳನ್ನು ಮಾಡಿದರು. ಒಂದು ಬದಿಯಲ್ಲಿ ಗೋಪುರ, ಇನ್ನೊಂದು ಬದಿಯಲ್ಲಿ ವಿಷ್ಣುವಿನ ಮೂರ್ತಿ. ಸುತ್ತ ಇಂಗ್ಲಿಷ್, ಪಾರಸಿ, ತಮಿಳು, ತೆಲುಗು ಲಿಪಿಗಳಲ್ಲಿ ಬೆಲೆ. ಬಳ್ಳಾರಿ ಸೀಮೆಯೂ ಕನ್ನಡ ಜಿಲ್ಲೆಯೂ ಆಗ ಮದರಾಸಿನ ಆಡಳಿತಕ್ಕೆ ಸೇರಿದ್ದುವು. ಹೊಸ ಮುದ್ರೆ ಸರಿಯಾಗಿ ಕೂಡದ ಕೆಲವು ನಾಣ್ಯಗಳಲ್ಲಿ ಗೋಪುರದ ಅಡಿಯಿಂದ ಸ್ಪೇನಿನ ಹಳೆಯ ಲೇಖದ ರೇಖೆಗಳು ಇಣಿಕಿನೋಡುತ್ತವೆ. ಅಲ್ಲದೆ ಇದೇ ಕಾಲದಲ್ಲಿ ಈಸ್ಟ್ ಇಂಡಿಯ ಕಂಪೆನಿಯು ತನ್ನ ರೂಪಾಯಿಗಳನ್ನು ದಿಲ್ಲಿಯ ಷಾ ಆಲಂ ಬಾದಷಹನ ಹೆಸರಿನಲ್ಲಿ ಹೊಡೆಯುತ್ತಿತ್ತು. ಆ ಬಾದಷಹನು ೧೮೦೬ರಲ್ಲಿಯೇ ಸತ್ತಿದ್ದರೂ ೧೮೩೫ರವರೆಗೆ ಈ ಪದ್ಧತಿ ನಿಲ್ಲಲಿಲ್ಲ. ಅಧಿಕಾರ ಒಬ್ಬರದು, ಹೆಸರು ಇನ್ನೊಬ್ಬರದು ಎಂಬ ಸ್ಥಿತಿ ಸ್ಪೇನಿಗೆ ಮಾತ್ರ ವಿಶಿಷ್ಟವಾದುದಲ್ಲ.

೮. ಅರಸನ ಮರಳಿಕೆ, ಪೆಸೆಟದ ಏಳಿಗೆ

೧೮೧೩ರ ಜೂನ್ ತಿಂಗಳಲ್ಲಿ ವಿಟೋರಿಯದ ಯುದ್ಧದಿಂದ ಜೋಸೆಫನ ರಾಜ್ಯ ಮುಗಿಯಿತು. ನೆಪೋಲಿಯನ್ನನು ಫರ್ಡಿನೆಂಡನನ್ನು ಬಿಡುಗಡೆ ಮಾಡಿದನು. ೧೮೧೪ನೆಯ ಮಾರ್ಚ್ ೨೪ರಂದು ಅರಸನು ಫ್ಲುವಿಯ ನದಿಯನ್ನು ದಾಟಿ ತನ್ನವರ ಸೈನ್ಯವನ್ನು ಸೇರಿದನು. ಆ ದಿನವೇ ಜೆರೋನ ಪಟ್ಟಣವನ್ನು ಹೊಕ್ಕನು. ಆರು ವರ್ಷಗಳ ಹಿಂದೆ ತನ್ನ ಹೆಸರನ್ನು ದೇವಾಲಯದ ಬೆಳ್ಳಿಯ ಮೇಲೆ ಒತ್ತಿದ್ದ ಊರಿಗೇ ಅವನು ಮೊದಲು ಬಂದನು. ಅಲ್ಲಿಂದ ವೆಲೆನ್ಸಿಯಕ್ಕೆ ಹೋದವನು ಮೇ ೪ರ ಆಜ್ಞೆಯಿಂದ, ತನ್ನ ಗೈರುಹಾಜರಿಯಲ್ಲಿ ತನ್ನ ಹೆಸರಿನಲ್ಲಿಯೇ ಸೇರಿದ್ದ ಕಾಡಿಜ್ ಮಹಾಸಭೆಯ ಕಟ್ಟಳೆಗಳನ್ನೂ ೧೮೧೨ರ ರಾಜ್ಯಾಂಗವಿಧಾನವನ್ನೂ ರದ್ದುಮಾಡಿದನು. ನಾಣ್ಯದ ಮೇಲಿದ್ದ ಫರ್ಡಿನೆಂಡನೂ ನದಿಯನ್ನು ದಾಟಿಬಂದ ಫರ್ಡಿನೆಂಡನೂ ಒಬ್ಬನೇ ಅಲ್ಲವೆಂಬುದು ಆಗ ಅನೇಕರಿಗೆ ಮನವರಿಕೆಯಾಯಿತು.

ಆದರೆ ಬಾರ್ಸಿಲೋನದ ಮೌನನಾಣ್ಯದ ಪದ ಉಳಿದುಕೊಂಡಿತು. ೧೮೬೮ರ ಸೆಪ್ಟೆಂಬರಿನಲ್ಲಿ ಎರಡನೆಯ ಇಸಬೆಲ ರಾಣಿ ಪದಚ್ಯುತಳಾದಳು. ತಾತ್ಕಾಲಿಕ ಸರ್ಕಾರದ ಹಣಕಾಸಿನ ಮಂತ್ರಿ ಲೌರೆಯಾನೊ ಫಿಗೆರೋಲ ಎಂಬಾತನು ಕಟಲೋನಿಯದವನು. ಅದೇ ಅಕ್ಟೋಬರ್ ೧೯ರ ಆಜ್ಞೆಯಿಂದ ಪೆಸೆಟವು ಇಡೀ ದೇಶದ ನಾಣ್ಯಮಾನವಾಯಿತು. ಐದು ಪೆಸೆಟಗಳ ನಾಣ್ಯಕ್ಕೆ ೨೫ ಗ್ರಾಂ ತೂಕ, ಸಾವಿರಕ್ಕೆ ೯೦೦ ಭಾಗ ಬೆಳ್ಳಿ ಎಂದು ಗೊತ್ತಾಯಿತು. ಜನರು ಅದನ್ನು ಹಿಂದಿನಂತೆ ದೂರೊ ಎಂದೇ ಕರೆದರು. ೨೦೦೨ರಲ್ಲಿ ಯೂರೊ ನಾಣ್ಯಗಳೂ ನೋಟುಗಳೂ ಬರುವವರೆಗೆ ಪೆಸೆಟದ ಬಳಕೆ ನಡೆಯಿತು. ಅರಸರ ಹೆಸರುಗಳು ಬಂದುಹೋದುವು. ಮುತ್ತಿಗೆಯ ಕಾಲದಲ್ಲಿ ಬೆಳ್ಳಿಯನ್ನು ಹೊಕ್ಕ ಸಂತೆಯ ಮಾತು ಅವೆಲ್ಲವನ್ನೂ ಮೀರಿ ಬಾಳಿತು.

೯. ೧೮೭೩ರ ಎರಡು ದೂರೊಗಳು

ಇದುವರೆಗಿನ ವಿಚಾರವನ್ನು ಒರೆಹಚ್ಚಿ ನೋಡಲು ಇನ್ನೊಂದು ಯುದ್ಧದ ನಿದರ್ಶನವಿದೆ. ೧೮೭೩ರ ಫೆಬ್ರವರಿ ೧೧ರಂದು ಅಮೆಡಿಯೊ ಎಂಬ ಅರಸನು ಸಿಂಹಾಸನವನ್ನು ಬಿಟ್ಟುಹೋಗಲು ಸ್ಪೇನಿನಲ್ಲಿ ಗಣರಾಜ್ಯ ಸ್ಥಾಪನೆಯಾಯಿತು. ಅಧಿಕಾರವು ಕೇಂದ್ರದಲ್ಲಿರಬೇಕೋ ಪ್ರಾಂತಗಳಿಗೆ ಹಂಚಿಹೋಗಬೇಕೋ ಎಂಬ ವಿವಾದ ಬಲಿತು, ಜುಲೈ ೧೨ರಂದು ಕಾರ್ಟಜೀನ ಎಂಬ ರೇವುಪಟ್ಟಣವು ತನ್ನನ್ನು ಸ್ವತಂತ್ರವಾದ ಕ್ಯಾಂಟನ್ ಎಂದು ಸಾರಿಕೊಂಡಿತು. ನೌಕಾಬಲದ ಮುಖ್ಯ ಹಡಗುಗಳೂ ಅದರ ಕೈಸೇರಿದುವು. ಸರ್ಕಾರದ ಸೈನ್ಯವು ಊರನ್ನು ಮುತ್ತಿತು. ನವೆಂಬರ್ ೨೬ರಿಂದ ಫಿರಂಗಿಯ ದಾಳಿ ಆರಂಭವಾಯಿತು. ೧೮೭೪ರ ಜನವರಿ ೬ರಂದು ಮದ್ದುಗುಂಡುಗಳ ಉಗ್ರಾಣ ಸಿಡಿದು ನೂರಾರು ಜನರು ಸತ್ತರು. ಮುಂದಿನ ವಾರದಲ್ಲಿ ಪಟ್ಟಣ ಶರಣಾಯಿತು.

ಈ ಮುತ್ತಿಗೆಯೊಳಗೆ ಕಾರ್ಟಜೀನದವರು ಸುತ್ತಣ ಗಣಿಸೀಮೆಯ ಬೆಳ್ಳಿಯಿಂದ ದೂರೊಗಳನ್ನು ಹೊಡೆದರು. ಅವು ಸರ್ಕಾರದ ೨೫ ಗ್ರಾಂ ನಾಣ್ಯಕ್ಕಿಂತ ಹೆಚ್ಚು ತೂಗುತ್ತವೆ. ಅವುಗಳ ಮೇಲೆ ಯಾರ ಮುಖವೂ ಇಲ್ಲ, ಯಾವ ಲಾಂಛನವೂ ಇಲ್ಲ. ಒಂದು ಬದಿಯಲ್ಲಿ ‘ಕ್ಯಾಂಟನ್ ಕ್ರಾಂತಿ, ಐದು ಪೆಸೆಟ’ ಎಂದೂ, ಇನ್ನೊಂದು ಬದಿಯಲ್ಲಿ ‘ಕೇಂದ್ರವಾದಿಗಳು ಮುತ್ತಿರುವ ಕಾರ್ಟಜೀನ, ಸೆಪ್ಟೆಂಬರ್ ೧೮೭೩’ ಎಂದೂ ಅರ್ಥಕೊಡುವ ಸ್ಪ್ಯಾನಿಷ್ ಮಾತುಗಳಿವೆ. ಎಲ್ಲಿ, ಯಾವಾಗ, ಯಾರಿಂದ, ಯಾವ ಸ್ಥಿತಿಯಲ್ಲಿ ಎಂಬುದೆಲ್ಲವನ್ನೂ ತಾನೇ ಹೇಳಿಕೊಳ್ಳುವ ನಾಣ್ಯವಿದು.

ಅದೇ ವೇಳೆಯಲ್ಲಿ ಮ್ಯಾಡ್ರಿಡಿನ ಗಣರಾಜ್ಯ ಸರ್ಕಾರ ಹೊಡೆಯುತ್ತಿದ್ದ ದೂರೊವನ್ನು ಇದರ ಪಕ್ಕದಲ್ಲಿ ಇಡಬೇಕು. ಅದರ ಮೇಲೆ ಅಮೆಡಿಯೊವಿನ ಮುಖ, ‘ಸ್ಪೇನಿನ ಅರಸ’ ಎಂಬ ಬಿರುದು, ೧೮೭೧ ಎಂಬ ವರ್ಷ ದೊಡ್ಡದಾಗಿ ಕಾಣುತ್ತವೆ. ಅರಸನು ದೇಶವನ್ನು ಬಿಟ್ಟುಹೋಗಿದ್ದನು, ಅರಸುತನವೇ ಇರಲಿಲ್ಲ. ಹಳೆಯ ಅಚ್ಚುಗಳನ್ನೇ ಬಳಸಿದುದರಿಂದ ಈ ವಿಪರೀತವುಂಟಾಯಿತು. ಆದರೆ ವರ್ಷದ ಎರಡು ಪಕ್ಕಗಳಲ್ಲಿ ಎರಡು ಪುಟ್ಟ ನಕ್ಷತ್ರಗಳಿವೆ. ೧೮೬೮ರ ಸುಧಾರಣೆಯ ತರುವಾಯದ ಪದ್ಧತಿಯಂತೆ, ನಾಣ್ಯವನ್ನು ನಿಜವಾಗಿ ಹೊಡೆದ ವರ್ಷವನ್ನು ಆ ನಕ್ಷತ್ರಗಳೊಳಗೆ ಕೆತ್ತುತ್ತಿದ್ದರು. ಕಣ್ಣನ್ನು ಹತ್ತಿರಕ್ಕೆ ತಂದು ನೋಡಿದರೆ ಒಂದು ನಕ್ಷತ್ರದಲ್ಲಿ ೧೮, ಇನ್ನೊಂದರಲ್ಲಿ ೭೩ ಎಂಬ ಅಂಕಿಗಳು ಕಾಣುತ್ತವೆ. ೭೪, ೭೫ ಎಂದಿರುವ ನಾಣ್ಯಗಳೂ ದೊರೆತಿವೆ. ದೊಡ್ಡ ಅಕ್ಷರಗಳೆಲ್ಲ ಇಲ್ಲದ ಅರಸನನ್ನು ಸಾರುತ್ತಿರುವಾಗ, ಅಕ್ಕಿಕಾಳಿಗಿಂತ ಸಣ್ಣದಾದ ನಕ್ಷತ್ರವು ನಡೆದುದನ್ನು ತಿಳಿಸುತ್ತಿದೆ.

೧೦. ಉಪಸಂಹಾರ

ಮೇಲಿನ ವಿಚಾರಗಳಿಂದ ನಾಣ್ಯಗಳ ಪ್ರಾಮಾಣ್ಯಕ್ಕೆ ಕುಂದು ಬರುವುದಿಲ್ಲ. ಅವುಗಳನ್ನು ಓದುವ ಕ್ರಮಕ್ಕೆ ಒಂದು ಕಟ್ಟುಪಾಡು ಮಾತ್ರ ಏರ್ಪಡುತ್ತದೆ. ನಾಣ್ಯದ ಮೇಲಿನ ಅರಸನ ಹೆಸರನ್ನು ಆಳಿಕೆಗೆ ಪ್ರಮಾಣವೆಂದು ತೆಗೆದುಕೊಳ್ಳುವುದಕ್ಕೆ ಮೊದಲು, ಅದು ಹಕ್ಕಿನ ಘೋಷಣೆಯೋ, ಪ್ರಜೆಗಳ ನಿಷ್ಠೆಯೋ, ಹಳೆಯ ಅಚ್ಚಿನ ಮರುಬಳಕೆಯೋ ಎಂದು ವಿಚಾರಿಸಬೇಕು. ಹೆಸರಿಲ್ಲದಿರುವುದನ್ನೂ ಸಾಕ್ಷ್ಯವೆಂದೇ ಎಣಿಸಬೇಕು. ಸ್ಥಳ, ಅಧಿಕಾರಿ, ಕಾಲ ಇವುಗಳ ನಿಶ್ಚಯಕ್ಕೆ ಟಂಕಸಾಲೆಯ ಗುರುತು, ಪರೀಕ್ಷಕರ ಅಕ್ಷರ, ಅಚ್ಚಿನ ದೋಷ, ಅಡಿಯಲ್ಲಿ ಉಳಿದ ಹಳೆಯ ಮುದ್ರೆ ಮುಂತಾದ ಸಣ್ಣ ಸಂಗತಿಗಳನ್ನು ಹೆಚ್ಚು ನೆಚ್ಚಬಹುದು. ಜನರನ್ನು ನಂಬಿಸುವ ಉದ್ದೇಶದಿಂದ ಹುಟ್ಟದಿರುವುದೇ ಅವುಗಳ ಬಲ.

ನಾಣ್ಯದ ಪಟ್ಟಿಗಳಲ್ಲಿ ಅರಸನ ಹೆಸರನ್ನೂ ವರ್ಷವನ್ನೂ ಮಾತ್ರ ಗುರುತಿಸಿ ಉಳಿದುದನ್ನು ಕೈಬಿಟ್ಟರೆ, ಜೆರೋನದ ದೂರೊವು ಏಳನೆಯ ಫರ್ಡಿನೆಂಡನ ಒಂದು ಸಾಧಾರಣವಾದ ನಾಣ್ಯವೆಂದು ದಾಖಲೆಯಾಗಿ ಮುಗಿದುಹೋಗುತ್ತದೆ. ಹಿಂಬದಿಯ ಮೂರು ಅಕ್ಷರಗಳನ್ನು ಓದಿದವರಿಗೆ ಮಾತ್ರ, ಅದನ್ನು ಮಾಡಿದವರು ಯಾರು, ಅದಕ್ಕಾಗಿ ಅವರು ಏನನ್ನು ಕರಗಿಸಿದರು ಎಂಬುದು ತಿಳಿಯುತ್ತದೆ.